ಒಂದು ತೋಳು ಬಾಕಿ, ಉಲ್ಲನ್ ಖಾಲಿ. ಏನು ಮಾಡಲಿ?

ಅರ್ಧ ಸ್ವೆಟರ್ (ಶಿವಮೊಗ್ಗ), ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ತಂಗಿಗೆ ಇನ್ನು ಮೂರು ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಮಗುವಿಗೆ ಅಂತ ಒಂದು ಸ್ವೆಟರ್ ಹಾಕಲು ಕೂತೆ. ಅರಿಶಿನ ಬಣ್ಣ, 4 ಪ್ಲೈ, ನಂಬರ್ 10 ಕಡ್ಡಿ. ಅಂಗಡಿಯವರು "ಮಗುವಿನದು ತಾನೇ, ನಾಲ್ಕು ಉಂಡೆ ಧಾರಾಳ" ಅಂದರು. ಒಂದು ಉಂಡೆ 25 ಗ್ರಾಂ, ಒಟ್ಟು 100 ಗ್ರಾಂ. ಬೆನ್ನು ಆಯಿತು, ಮುಂದಿನ ಎರಡು ಭಾಗ ಆಯಿತು, ಒಂದು ತೋಳೂ ಆಯಿತು. ಎರಡನೇ ತೋಳಿನ ಬಾರ್ಡರ್ ಮುಗಿಯುವಷ್ಟರಲ್ಲಿ ದಾರ ಖಾಲಿ.

ಮತ್ತೆ ಅದೇ ಅಂಗಡಿಗೆ ಓಡಿದೆ. ಅದೇ ಕಂಪನಿ, ಅದೇ ಶೇಡ್ ನಂಬರ್. ಅಲ್ಲಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಥರ ಕಂಡವು. ರಾತ್ರಿ ಕೂತು ಹನ್ನೆರಡು ಸಾಲು ಹಾಕಿದೆ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಎದೆ ಧಸಕ್ಕೆಂದಿತು. ಹಳೇದು ಅರಿಶಿನ, ಹೊಸದು ನಿಂಬೆಹಣ್ಣು. ಗಂಡನಿಗೆ ತೋರಿಸಿದರೆ ಮೊಬೈಲಿನಿಂದ ತಲೆ ಎತ್ತದೆ "ಏನೂ ವ್ಯತ್ಯಾಸ ಇಲ್ಲ" ಅಂದರು. ಅಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ತೋಳು ಯಾಕೆ ಬೇರೆ ಬಣ್ಣ?" ಅಂದರು.

ನನಗೆ ಇದು ಎರಡನೇ ಸ್ವೆಟರ್. ಮೊದಲನೆಯದು ಎಂಟು ವರ್ಷದಿಂದ ಅಟ್ಟದ ಮೇಲಿದೆ, ಅದರ ಸುದ್ದಿ ಬೇಡ. ಇದನ್ನು ಹೇಗೆ ಉಳಿಸಿಕೊಳ್ಳಲಿ?

ನಂಬರ್ ಹತ್ತು (ಮೈಸೂರು), ಭಾನುವಾರ ರಾತ್ರಿ 11:15

ಲೇಬಲ್ ಇಟ್ಟುಕೊಂಡಿದ್ದೀರಾ? ಶೇಡ್ ನಂಬರಿನ ಪಕ್ಕದಲ್ಲಿ ಲಾಟ್ ನಂಬರ್ ಅಂತ ಇನ್ನೊಂದು ಇರುತ್ತದೆ. ಶೇಡ್ ಅಂದರೆ ಬಣ್ಣ. ಲಾಟ್ ಅಂದರೆ ಆ ದಾರವನ್ನು ಯಾವ ಸಲದ ಬಣ್ಣದಲ್ಲಿ ಅದ್ದಿದ್ದು ಅಂತ. ಅದೇ ಡಬ್ಬಿಯ ಪುಡಿ ಹಾಕಿದರೂ ನಿನ್ನೆಯ ಸಾರಿನ ಬಣ್ಣ ಇವತ್ತಿನ ಸಾರಿಗೆ ಬರಲ್ಲ ನೋಡಿ, ಅದೇ ಕಥೆ. ಹಾಗಾಗಿ ಶುರುವಿನಲ್ಲೇ ಒಂದು ಉಂಡೆ ಜಾಸ್ತಿ ತಂದುಬಿಡಬೇಕು.

ಈಗಿನ ದಾರಿ ಅಂದರೆ, ಎರಡೂ ತೋಳು ಬಿಚ್ಚಿ. ಹಳೇ ದಾರದಲ್ಲಿ ಎರಡು ಸಾಲು, ಹೊಸದರಲ್ಲಿ ಎರಡು ಸಾಲು ಬದಲಿಸುತ್ತಾ ಹಾಕಿ. ಎರಡು ಲಾಟ್ ಬೆರೆಸಿದ್ದು ಗೊತ್ತೇ ಆಗುವುದಿಲ್ಲ.

ಕಡಲ ತೀರ (ಮಂಗಳೂರು), ಭಾನುವಾರ ರಾತ್ರಿ 11:22

ಅರಿಶಿನಕ್ಕೂ ನಿಂಬೆಹಣ್ಣಿಗೂ ಬೆರೆಸಿದರೆ ಗೊತ್ತಾಗದೇ ಇರುತ್ತಾ? ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಹೇಗೂ ಪಟ್ಟೆ ಆಗುವುದಾದರೆ ಬೇಕಂತಲೇ ಮಾಡಿದ ಹಾಗಿರಲಿ. ಬಿಳಿ ದಾರ ತಂದು ಎರಡೂ ತೋಳಿಗೆ, ಕುತ್ತಿಗೆಗೆ ಬಿಳಿ ಪಟ್ಟೆ ಕೊಡಿ. ಯಾರೂ ಕೇಳಲ್ಲ. ಕೇಳಿದರೆ ಡಿಸೈನ್ ಅನ್ನಿ. ನನ್ನ ಅರ್ಧ ಡಿಸೈನ್‌ಗಳು ಹುಟ್ಟಿದ್ದೇ ದಾರ ಖಾಲಿಯಾಗಿ.

ಸೂಜಿಮಲ್ಲಿಗೆ (ತುಮಕೂರು), ಭಾನುವಾರ ರಾತ್ರಿ 11:40

ಗಂಡನ ಮಾತು ಕೇಳಿ, ಹಾಗೇ ಮುಗಿಸಿ. ಮದುವೆಯಾದ ಮೇಲೆ ಮೊದಲ ಸಲ ಈ ಸಲಹೆ ಯಾರಿಗಾದರೂ ಕೊಡುತ್ತಿದ್ದೇನೆ.

ಮಲ್ಲೇಶ್ವರದ ಅಜ್ಜಿ (ಬೆಂಗಳೂರು), ಸೋಮವಾರ ಬೆಳಿಗ್ಗೆ 6:05

ಬಿಚ್ಚುವ ಮೊದಲು ಒಂದು ಮಾತು. ಹೆಣಿಗೆ ಮುಗಿಸಿದ ತುದಿಯಿಂದ ಮಾತ್ರ ಸರ್ರನೆ ಬಿಚ್ಚಿಕೊಳ್ಳುತ್ತದೆ. ಶುರು ಮಾಡಿದ ಕಡೆಯಿಂದ ಎಳೆದರೆ ಪ್ರತಿ ಕುಣಿಕೆಗೂ ದಾರದ ತುದಿಯನ್ನು ತೂರಿಸಿ ತೆಗೆಯಬೇಕು. ಅದರಲ್ಲೂ ಒಂದು ಸೀದಾ ಒಂದು ಉಲ್ಟಾ ಬಾರ್ಡರ್ ಇದ್ದರೆ ಪ್ರಾಣ ಹೋಗುತ್ತದೆ. ನೀವು ಮಣಿಕಟ್ಟಿನಿಂದ ಮೇಲಕ್ಕೆ ಹಾಕಿದ್ದರೆ ಭುಜದ ಕಡೆಯಿಂದ ಬಿಚ್ಚಿ.

ಬಿಚ್ಚಿದ ದಾರ ನೂಡಲ್ಸ್ ಥರ ಸುರುಳಿ ಸುರುಳಿ ಇರುತ್ತದೆ. ಹಾಗೇ ಹಾಕಿದರೆ ಒಂದು ಕುಣಿಕೆ ದೊಡ್ಡದು, ಒಂದು ಚಿಕ್ಕದು ಬರುತ್ತದೆ. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಬೇರೆ ದಾರದಿಂದ ಕಟ್ಟಿ, ಇಲ್ಲದಿದ್ದರೆ ಗೋಜಲು ಬಿಡಿಸುತ್ತಾ ಮಗುವಿನ ನಾಮಕರಣವೂ ಮುಗಿದಿರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಒತ್ತಿ, ಹಗ್ಗಕ್ಕೆ ನೇತುಹಾಕಿ. ಕೆಳಗೆ ಒಂದು ಸ್ಟೀಲ್ ಲೋಟ ಕಟ್ಟಿ. ಆ ಭಾರಕ್ಕೆ ದಾರ ನೆಟ್ಟಗಾಗುತ್ತದೆ.

ನಮ್ಮ ಮನೆಯಲ್ಲಿ ಉಲ್ಲನ್ ಅಂದರೆ ಒಂದೇ ಸಲಕ್ಕೆ ಮುಗಿಯುವ ವಸ್ತು ಆಗಿರಲಿಲ್ಲ. ನಮ್ಮ ಅಣ್ಣನಿಗೆ ಒಂದು ಮರೂನ್ ಸ್ವೆಟರ್ ಹಾಕಿದ್ದರು. ಅವನು ಬೆಳೆದ ಮೇಲೆ ಅದನ್ನು ಬಿಚ್ಚಿ, ಸ್ವಲ್ಪ ಬೂದು ಬಣ್ಣ ಸೇರಿಸಿ ನನಗೆ ತೋಳಿಲ್ಲದ ಸ್ವೆಟರ್ ಆಯಿತು. ಆಮೇಲೆ ತಮ್ಮನಿಗೆ ಮಂಗನ ಟೋಪಿ. ಕೊನೆಗೆ ಉಳಿದ ತುಂಡುಗಳಲ್ಲಿ ಅಮ್ಮ ದಪ್ಪಗೆ ಒಂದು ಚೌಕ ಹಾಕಿ ಒಲೆ ಪಕ್ಕ ಇಟ್ಟುಕೊಂಡರು, ಬಿಸಿ ಪಾತ್ರೆ ಇಳಿಸಲು. ಅಣ್ಣನ ಸ್ವೆಟರಿನಲ್ಲಿ ಹುಳಿ ಪಾತ್ರೆ ಇಳಿಸುತ್ತಿದ್ದೇವೆ ಅಂತ ಎಲ್ಲರಿಗೂ ಗೊತ್ತಿತ್ತು, ಅವನಿಗೆ ಬಿಟ್ಟು.

ಬೆಣ್ಣೆ ದೋಸೆ (ದಾವಣಗೆರೆ), ಸೋಮವಾರ ಬೆಳಿಗ್ಗೆ 8:30

ಅಜ್ಜಿ, ನಿಮ್ಮ ಮಾತಿಗೆ ಒಂದು ಬಾಲ ಸೇರಿಸುತ್ತೇನೆ. ಈಗ ಅಂಗಡಿಯಲ್ಲಿ "ಉಲ್ಲನ್" ಅಂತ ಕೊಡುವುದು ಬಹಳಷ್ಟು ಸಲ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ದಾರ. ಅದರಲ್ಲಿ ಪಾತ್ರೆ ಹಿಡಿಯುವ ಚೌಕ ಮಾಡಬೇಡಿ, ಕರಗಿ ಕೈಗೆ ಅಂಟುತ್ತದೆ. ಪರೀಕ್ಷೆ ಮಾಡುವುದು ಸುಲಭ. ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ನಿಜವಾದ ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಸಿಂಕಿನ ಮೇಲೆ ಮಾಡಿ, ನಾನು ಸೋಫಾ ಮೇಲೆ ಕೂತು ಮಾಡಿದ್ದೆ.

ಅಕ್ರಿಲಿಕ್ ಸ್ವೆಟರಿಗೆ ಇಸ್ತ್ರಿ ಕೂಡ ಬೇಡ. ಒಂದು ಸಲ ಬಿಸಿ ತಾಗಿದರೆ ಅದರ ಸ್ಪ್ರಿಂಗ್ ಹೋಗಿ ಜೋತುಬೀಳುತ್ತದೆ. ಮತ್ತೆ ವಾಪಸ್ ಬರಲ್ಲ.

ಅರ್ಧ ಸ್ವೆಟರ್ (ಶಿವಮೊಗ್ಗ), ಸೋಮವಾರ ಮಧ್ಯಾಹ್ನ 2:10

ಅಜ್ಜಿಯ ಪೋಸ್ಟ್ ಓದುವ ಮೊದಲೇ ನಾನು ಬಾರ್ಡರ್ ಕಡೆಯಿಂದ ಎಳೆದಿದ್ದೆ. ಅರ್ಧ ಗಂಟೆಗೆ ಒಂದು ಸಾಲು ಬಂತು. ಈಗ ಕೈ ಕಟ್ಟಿ ಕೂತಿದ್ದೇನೆ. ಬಿಳಿ ಪಟ್ಟೆ ಐಡಿಯಾ ಇಷ್ಟ ಆಯಿತು, ಆದರೆ ಬಿಳಿ ತಂದು ಅದೂ ಸಾಲದೆ ಹೋದರೆ?

ಎಡಿನ್‌ಬರೋ ಕನ್ನಡತಿ (ಸ್ಕಾಟ್ಲೆಂಡ್), ಸೋಮವಾರ ಸಂಜೆ 5:45

ತೂಕ ಮಾಡಿ! ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮುಗಿದಿರುವ ತೋಳು ಎಷ್ಟು ಗ್ರಾಂ, ಅರ್ಧ ತೋಳಿನಲ್ಲಿ ಹಳೇ ದಾರ ಎಷ್ಟು ಗ್ರಾಂ ಅಂತ ನೋಡಿ. ಆಮೇಲೆ ಲೆಕ್ಕ ತಾನಾಗಿ ಬರುತ್ತದೆ. ನಾನು ಕಾಲುಚೀಲ ಹಾಕುವಾಗ ಮೊದಲು ಉಂಡೆಯನ್ನು ತೂಗಿ ಸರಿಯಾಗಿ ಎರಡು ಭಾಗ ಮಾಡಿಕೊಳ್ಳುತ್ತೇನೆ. ಒಂದೇ ಕಾಲಿಗೆ ಚೀಲ ಹಾಕಿಕೊಂಡು ಒಂದು ಚಳಿಗಾಲ ಕಳೆದವಳ ಮಾತು ಇದು.

ಇನ್ನೊಂದು, ಇಂಟರ್‌ನೆಟ್ಟಿನಿಂದ ಕ್ರೋಶಾ (ಒಂದೇ ಹುಕ್ಕಿನ ಹೆಣಿಗೆ) ಪ್ಯಾಟರ್ನ್ ತೆಗೆಯುವವರಿಗೆ. ಅದು ಅಮೆರಿಕದ್ದೋ ಬ್ರಿಟನ್ನಿನದ್ದೋ ಅಂತ ಮೊದಲು ನೋಡಿ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟನ್‌ನವರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಅಂದರೆ ಇಲ್ಲಿ ಟ್ರೆಬಲ್. ನನ್ನ ಮೊದಲ ಮೊಲದ ಗೊಂಬೆಯನ್ನು ಬ್ರಿಟನ್ ಪ್ಯಾಟರ್ನ್ ನೋಡಿ ಅಮೆರಿಕದ ಲೆಕ್ಕದಲ್ಲಿ ಹಾಕಿದೆ. ಮೊಲ ಹೋಗಿ ಕುರಿ ಸೈಜಿಗೆ ಬಂತು, ತೂತುಗಳಿಂದ ಹತ್ತಿ ಹೊರಗೆ ಇಣುಕುತ್ತಿತ್ತು. ಮಗಳು ಅದಕ್ಕೆ "ಹೊಟ್ಟೆ ಒಡೆದ ಮೊಲ" ಅಂತಲೇ ಹೆಸರಿಟ್ಟಳು.

ಕುಂದಾ (ಬೆಳಗಾವಿ), ಸೋಮವಾರ ಸಂಜೆ 6:20

ನಮ್ಮ ಅವ್ವಗೆ ಈ ತಲೆಬಿಸಿನೇ ಇರಲಿಲ್ಲ. ಚೈನಿಗೆ ಸರಪಳಿ, ಟ್ರೆಬಲ್ಲಿಗೆ ಕಂಬ, ಕುಣಿಕೆಗೆ ಮನಿ. "ಮೂರು ಸರಪಳಿ, ಒಂದು ಕಂಬ, ಒಂದು ಮನಿ ಬಿಡು" ಅಂತ ಹೇಳಿಕೊಡುತ್ತಿದ್ದರು. ಆ ಮಾತಿನಲ್ಲೇ ಬಾಗಿಲ ತೋರಣ ಆಯಿತು, ಟಿವಿ ಮೇಲಿನ ಬಟ್ಟೆ ಆಯಿತು. ಈಗ ಟಿವಿ ಗೋಡೆಗೆ ಹತ್ತಿದೆ, ಬಟ್ಟೆ ಹಾಕಲು ಜಾಗವಿಲ್ಲ. ವಾಷಿಂಗ್ ಮಷೀನ್ ಮೇಲೆ ಹಾಸಿದ್ದೇನೆ.

ನಂಬರ್ ಹತ್ತು (ಮೈಸೂರು), ಸೋಮವಾರ ರಾತ್ರಿ 9:00

ಕಡ್ಡಿಯ ನಂಬರಿನಲ್ಲೂ ಅದೇ ಎಡವಟ್ಟು. ನಮ್ಮ ಕಡೆ ಇನ್ನೂ ಹಳೇ ಬ್ರಿಟಿಷ್ ನಂಬರ್ ಓಡುತ್ತಿದೆ. ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ನಮ್ಮ 10 ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿಯ 10 ಅಂದರೆ 6 ಮಿ.ಮೀ. ಅಳಿಯ ಅಲ್ಲಿಂದ ಬರುವಾಗ "ಅತ್ತೆಗೆ ನಂಬರ್ 10" ಅಂತ ಪ್ರೀತಿಯಿಂದ ಒಂದು ಜೊತೆ ತಂದರು. ಲಟ್ಟಣಿಗೆ ಇದ್ದ ಹಾಗಿದೆ. ಹೀಗಾಗಿ ಮಿ.ಮೀ. ನೋಡಿಯೇ ತೆಗೆದುಕೊಳ್ಳಿ, ನಂಬರ್ ನಂಬಬೇಡಿ. ನನ್ನ ಹೆಸರೇ ನಂಬರ್ ಹತ್ತು ಆಗಿದ್ದರೂ ಹೇಳುತ್ತಿದ್ದೇನೆ.

ಕುಚ್ಚಿನ ಅಕ್ಕ (ರಾಮನಗರ), ಮಂಗಳವಾರ ಮಧ್ಯಾಹ್ನ 1:30

ನಾನು ಸ್ವೆಟರ್ ಹಾಕುವವಳಲ್ಲ. ಸೀರೆಗೆ ಕ್ರೋಶಾ ಕುಚ್ಚು ಹಾಕುತ್ತೇನೆ. ಅದೂ ಹುಕ್ಕಿನ ಕೆಲಸವೇ ಅಲ್ವಾ, ಹಾಗಾಗಿ ಇಲ್ಲೇ ಬರೆಯುತ್ತೇನೆ.

ನೋಡಿದವರಿಗೆ ಸುಲಭ. ಸೆರಗಿನ ಅಂಚಿಗೆ ಸಣ್ಣ ಹುಕ್ ಚುಚ್ಚಿ ಮೊದಲ ಸಾಲು ಕೂರಿಸಬೇಕು. ಅದರ ಮೇಲೆ ಕಮಾನು, ಕಮಾನಿಗೆ ಮಣಿ, ಕೊನೆಗೆ ಕುಚ್ಚು. ಹುಕ್ ಸ್ವಲ್ಪ ದಪ್ಪ ಆದರೂ ಮೈಸೂರು ಸಿಲ್ಕಿನಂಥ ನಯವಾದ ಬಟ್ಟೆಯಲ್ಲಿ ತೂತು ಹಾಗೇ ಉಳಿಯುತ್ತದೆ. ಚುಚ್ಚುವ ಜಾಗದ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ ಸೆರಗು ನೆರಿಗೆ ಹಿಡಿಯುತ್ತದೆ. ದಾರ ಬಣ್ಣ ಬಿಡುತ್ತದಾ ಅಂತ ಒದ್ದೆ ಹತ್ತಿಯಲ್ಲಿ ಉಜ್ಜಿ ನೋಡಬೇಕು. ಒಂದು ಸಲ ನೋಡದೆ ಕೆಂಪು ದಾರ ಹಾಕಿ, ಕೆನೆ ಬಣ್ಣದ ಸೆರಗು ಹಾಳಾಗಿ, ಸೀರೆ ದುಡ್ಡು ಕೈಯಿಂದ ಕಟ್ಟಿದ್ದೇನೆ.

ಸರಿಯಾಗಿ ಹಾಕಿದರೆ ಒಂದು ಸೀರೆಗೆ ಐದಾರು ಗಂಟೆ. ನಾನು ಮೊದಲು ಒಂದು ಅಂಗಡಿಗೆ ಹಾಕಿಕೊಡುತ್ತಿದ್ದೆ. ನನಗೆ 180 ರೂಪಾಯಿ ಕೊಡುತ್ತಿದ್ದರು, ದಾರ ಮಣಿ ನನ್ನದೇ. ಒಂದು ದಿನ ಗಿರಾಕಿ ಎದುರಿಗೇ ಸಿಕ್ಕಿ "850 ಕೊಟ್ಟೆ, ಚೆನ್ನಾಗಿದೆ" ಅಂದರು. ಮನೆಗೆ ಬಂದು ಹುಕ್ ಹಿಡಿಯಲು ಮನಸ್ಸೇ ಬರಲಿಲ್ಲ. ಈಗ ನೇರವಾಗಿ ಅಕ್ಕಪಕ್ಕದವರಿಗೆ ಹಾಕುತ್ತೇನೆ. 450 ಅಂದರೆ "ಅಯ್ಯೋ, ಮನೆಯಲ್ಲೇ ಕೂತು ಮಾಡೋದಲ್ವಾ" ಅನ್ನುತ್ತಾರೆ. ಎಲ್ಲಿ ಕೂತು ಮಾಡಿದರೂ ಬೆನ್ನು ನೋಯುತ್ತದೆ.

ಸೂಜಿಮಲ್ಲಿಗೆ (ತುಮಕೂರು), ಮಂಗಳವಾರ ಮಧ್ಯಾಹ್ನ 2:05

ಈ "ಮನೆಯಲ್ಲೇ ಕೂತು" ಎಲ್ಲ ಕಡೆಯೂ ಇದೆ ಅಕ್ಕ. ಆಂಧ್ರದ ನರಸಾಪುರದ ಸುತ್ತ ಹೆಂಗಸರು ನೂರು ವರ್ಷಕ್ಕೂ ಮೊದಲಿನಿಂದ ಕ್ರೋಶಾ ಲೇಸ್ ಹಾಕುತ್ತಿದ್ದಾರೆ. ಹೊರದೇಶಕ್ಕೆಲ್ಲ ಹೋಗುತ್ತದೆ. ಅವರದೂ ಬಿಡುವಿನ ಕೆಲಸ ಅಂತಲೇ ಲೆಕ್ಕ, ಕೂಲಿಯೂ ಹಾಗೇ. 2024ರಲ್ಲಿ ಆ ಲೇಸಿಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಹೆಸರು ಬಂತು, ಸಂತೋಷ. ಕೈಗೆ ಬರುವ ಕಾಸು ಜಾಸ್ತಿ ಆದರೆ ಇನ್ನೂ ಸಂತೋಷ.

ನೀವು 450 ಇಳಿಸಬೇಡಿ.

ಕಡಲ ತೀರ (ಮಂಗಳೂರು), ಮಂಗಳವಾರ ಮಧ್ಯಾಹ್ನ 2:30

ಒಪ್ಪಿದೆ, ಆದರೆ ಎಲ್ಲದಕ್ಕೂ ಗಂಟೆ ಲೆಕ್ಕ ಹಾಕಿದರೆ ಮಗುವಿನ ಕುಲಾವಿಗೂ ಸಾವಿರ ರೂಪಾಯಿ ಆಗುತ್ತದೆ. ಪಕ್ಕದ ಮನೆ ಮಗುವಿಗೆ ನಾನು ಸುಮ್ನೆ ಹಾಕಿಕೊಡುತ್ತೇನೆ.

ಕುಚ್ಚಿನ ಅಕ್ಕ (ರಾಮನಗರ), ಮಂಗಳವಾರ ಮಧ್ಯಾಹ್ನ 3:10

ಮಗುವಿಗೆ ನಾನೂ ಸುಮ್ನೆ ಕೊಡುತ್ತೇನೆ. ಮೂವತ್ತು ಸಾವಿರದ ಸೀರೆ ಉಡುವವರು ಮಗು ಅಲ್ಲವಲ್ಲ.

ಮೆಟ್ರೋ ಹೆಣಿಗೆ (ಬೆಂಗಳೂರು), ಮಂಗಳವಾರ ರಾತ್ರಿ 8:50

ಇಲ್ಲಿ ಗಂಡಸು ನಾನೊಬ್ಬನೇ ಇರಬೇಕು. ದಿನಾ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುತ್ತೇನೆ. ಸೀಟು ಸಿಕ್ಕರೆ ಕ್ರೋಶಾ. ಎರಡು ಕಡ್ಡಿಯ ಹೆಣಿಗೆ ಮೆಟ್ರೋಗೆ ಸರಿಹೋಗಲ್ಲ, ಯಾರಾದರೂ ಮೊಣಕೈ ತಾಗಿಸಿದರೆ ಕಡ್ಡಿ ಜಾರಿ ಎಷ್ಟೋ ಕುಣಿಕೆ ಒಟ್ಟಿಗೆ ಬೀಳುತ್ತವೆ. ಕ್ರೋಶಾದಲ್ಲಿ ಬಿದ್ದರೂ ಒಂದೇ ಕುಣಿಕೆ.

ಮೊದಲ ತಿಂಗಳು ಜನ ಕದ್ದು ನೋಡುತ್ತಿದ್ದರು. ಒಬ್ಬ ಹುಡುಗ ವಿಡಿಯೋ ಕೂಡ ಮಾಡಿದ. ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸು ಮೆಜೆಸ್ಟಿಕ್‌ನಿಂದ ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿದ್ದವರು, ಇಂದಿರಾನಗರ ಬರುವಷ್ಟರಲ್ಲಿ ತಡೆಯಲಾರದೆ "ತುದಿಯ ಕುಣಿಕೆ ಬಿಡ್ತಾ ಇದ್ದೀರಿ, ಅದಕ್ಕೇ ನಿಮ್ಮದು ತ್ರಿಕೋನ ಆಗ್ತಿದೆ" ಅಂದರು. ಮಫ್ಲರ್ ಅಂತ ಶುರು ಮಾಡಿದ್ದು ನಿಜವಾಗಿಯೂ ಸಮೋಸದ ಆಕಾರಕ್ಕೆ ಬಂದಿತ್ತು. ನನ್ನ ಕೈಯಿಂದ ತೆಗೆದುಕೊಂಡು ಆರು ಸಾಲು ಬಿಚ್ಚಿ, ಎರಡು ಸಾಲು ಹಾಕಿಕೊಟ್ಟು, ತಮ್ಮ ಸ್ಟೇಷನ್ ಬಂದಾಗ ಇಳಿದು ಹೋದರು. ಆ ಎರಡು ಸಾಲು ಈಗಲೂ ಗೊತ್ತಾಗುತ್ತದೆ, ಉಳಿದದ್ದಕ್ಕಿಂತ ಬಿಗಿ ಇದೆ.

ಅರ್ಧಕ್ಕೆ ಬಿಟ್ಟ ಕೆಲಸ ನನ್ನ ಬಳಿಯೂ ಬೇಕಾದಷ್ಟು ಇದೆ. ಹೆಂಡತಿ ಕೇಳಿದಾಗಲೆಲ್ಲ ಚೆನ್ನೈ ಕಥೆ ಹೇಳುತ್ತೇನೆ. 2016ರ ಜನವರಿಯಲ್ಲಿ ಅಲ್ಲಿ ನೂರಾರು ಹೆಂಗಸರು ಹಾಕಿದ ಕ್ರೋಶಾ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರ್ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. "ನಿಮ್ಮ ಆ ನಾಲ್ಕು ಚೌಕ ಯಾವಾಗ ಜೋಡಿಸುತ್ತೀರಿ?" ಅನ್ನುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಮಂಜಿನೂರು (ಮಡಿಕೇರಿ), ಬುಧವಾರ ಬೆಳಿಗ್ಗೆ 7:40

ನನಗೆ ಒಂದು ಸಂದೇಹ. ಬೈಲಕುಪ್ಪೆ ಇಲ್ಲಿಗೆ ಹತ್ತಿರ. ಚಳಿಗಾಲದಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿ ನೋಡಿದ್ದೀರಲ್ಲ? ಅಲ್ಲಿ ಮಾರುವುದು ಬಹಳಷ್ಟು ಲೂಧಿಯಾನದಲ್ಲಿ ಮಷೀನಿನಲ್ಲಿ ಆದದ್ದು. ಬೆಚ್ಚಗೂ ಇರುತ್ತದೆ, ನಾನು ದಾರಕ್ಕೆ ಕೊಡುವ ದುಡ್ಡಿಗಿಂತ ಕಮ್ಮಿಗೆ ಸಿಗುತ್ತದೆ. ಅತ್ತೆ ಪ್ರತಿ ವರ್ಷ ಇದನ್ನೇ ಹೇಳುತ್ತಾರೆ. ಏನು ಉತ್ತರ ಕೊಡುತ್ತೀರಿ ನೀವೆಲ್ಲ?

ಕುಂದಾ (ಬೆಳಗಾವಿ), ಬುಧವಾರ ಬೆಳಿಗ್ಗೆ 8:15

ಸೀರಿಯಲ್ ನೋಡುವಾಗ ಕೈ ಸುಮ್ಮನಿದ್ದರೆ ನಾನು ಚಕ್ಕುಲಿ ಡಬ್ಬಿ ಖಾಲಿ ಮಾಡುತ್ತೇನೆ. ಅದಕ್ಕೆ ಹೆಣೆಯುತ್ತೇನೆ. ಅತ್ತೆಗೆ ಇದನ್ನೇ ಹೇಳಿ.

ಕರಿ ಕಂಬಳಿ (ಚಳ್ಳಕೆರೆ), ಬುಧವಾರ ಬೆಳಿಗ್ಗೆ 11:00

ನಮ್ಮದು ಕಂಬಳಿ ನೇಯುವ ಮನೆ. ನಮ್ಮ ಕಡೆಯ ಡೆಕ್ಕನಿ ಕುರಿಯ ಉಣ್ಣೆ, ಕೈಯಲ್ಲಿ ನೂತ ನೂಲು, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿ ನೇಯುವುದು. ನಾನು ಒಂದು ಸಲ ಗಂಜಿ ಹಾಕದ ನೂಲಿನಲ್ಲಿ ಟೋಪಿ ಹೆಣೆದೆ. ಹಾಕಿಕೊಂಡರೆ ತಲೆ ಮೇಲೆ ಮುಳ್ಳುಹಂದಿ ಕೂತ ಹಾಗೆ. ಮಳೆಗೆ ಕಂಬಳಿ ಸರಿ, ಕೆನ್ನೆಗೆ ಅಲ್ಲ. ಅದೇ ನೂಲಿನಲ್ಲಿ ಕ್ರೋಶಾ ಚೀಲ ಮಾಡಿದೆ. ಐದು ಕೆ.ಜಿ. ಈರುಳ್ಳಿ ಹೊತ್ತರೂ ಜಗ್ಗಲ್ಲ.

ಅರ್ಧ ಸ್ವೆಟರ್ (ಶಿವಮೊಗ್ಗ), ಬುಧವಾರ ರಾತ್ರಿ 10:20

ತೂಕ ಮಾಡಿದೆ! ಮುಗಿದ ತೋಳು 14 ಗ್ರಾಂ. ಎರಡನೇ ತೋಳಿನ ಹಳೇ ದಾರದ ಭಾಗ 3 ಗ್ರಾಂ. ಒಟ್ಟು 17. ಎರಡು ಪೂರ್ತಿ ತೋಳಿಗೆ 28 ಬೇಕು. ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಾಗ ಅಮ್ಮ ಬಂದು "ಎರಡಕ್ಕೂ ಅರ್ಧ ತೋಳು ಹಾಕು, ಇಲ್ಲೇನು ಹಿಮ ಬೀಳುತ್ತಾ" ಅಂದರು. ನಾಲ್ಕು ದಿನದಿಂದ ಇಷ್ಟು ಜನ ತಲೆ ಕೆಡಿಸಿಕೊಂಡಿದ್ದೇವೆ!

ತೋಳು ಬಿಚ್ಚಿಯಾಯಿತು. ಲಡಿ ಬಾತ್‌ರೂಮಿನಲ್ಲಿ ಸ್ಟೀಲ್ ಲೋಟ ಕಟ್ಟಿಕೊಂಡು ನೇತಾಡುತ್ತಿದೆ. ಮಗ ಅದಕ್ಕೆ ಗಂಟೆ ಅಂತ ಹೆಸರಿಟ್ಟು ಹೋಗಿ ಬಂದು ಬಾರಿಸುತ್ತಿದ್ದಾನೆ.

ಎಡಿನ್‌ಬರೋ ಕನ್ನಡತಿ (ಸ್ಕಾಟ್ಲೆಂಡ್), ಗುರುವಾರ ಮಧ್ಯಾಹ್ನ 3:00

ಅಮ್ಮನಿಗೆ ನನ್ನ ಕಡೆಯಿಂದ ನಮಸ್ಕಾರ. ಒಂದೊಂದಕ್ಕೆ 8 ಗ್ರಾಂ ಹಾಕಿ, 1 ಗ್ರಾಂ ಹೊಲಿಯಲು ಇಟ್ಟುಕೊಳ್ಳಿ. ಸೇರಿಸಿ ಹೊಲಿಯಲೂ ದಾರ ಬೇಕು ಅನ್ನುವುದು ಎಲ್ಲರಿಗೂ ಕೊನೆಗೇ ನೆನಪಾಗುವುದು. ಅಳತೆ ಹುಟ್ಟಿದ ಮಗುವಿನದಾ? ಅದು ಕೆಲವೇ ವಾರ ಬರುತ್ತದೆ. ಮೂರರಿಂದ ಆರು ತಿಂಗಳ ಅಳತೆ ಆದರೆ ಒಂದು ಚಳಿಗಾಲ ಬರುತ್ತದೆ.

ಮಲ್ಲೇಶ್ವರದ ಅಜ್ಜಿ (ಬೆಂಗಳೂರು), ಶುಕ್ರವಾರ ಬೆಳಿಗ್ಗೆ 6:10

ಮುಗಿದ ಮೇಲೆ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಡಬೇಡಿ. ನಾವೆಲ್ಲ ಹಾಗೇ ಇಡುತ್ತಿದ್ದೆವು. ಮೊಮ್ಮಗ ಹುಟ್ಟಿದಾಗ ಮಕ್ಕಳ ಡಾಕ್ಟರು ಬೈದರು. ಕೆಲವು ಮಕ್ಕಳಿಗೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರುತ್ತದಂತೆ. ಅಂಥವರಿಗೆ ಆ ಗುಳಿಗೆಯ ನಾಫ್ತಲೀನ್ ಗಾಳಿ ತಾಗಿದರೆ ರಕ್ತಕಣ ಒಡೆದು ಕಾಮಾಲೆ ಜೋರಾಗುತ್ತದೆ. ಒಗೆದು, ಬಿಸಿಲಿಗೆ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಕುತ್ತಿಗೆಗೆ ಕಟ್ಟುವ ದಾರವೂ ಬೇಡ. ಜಾಲರಿ ಡಿಸೈನ್ ಇದ್ದರೆ ತೂತು ಸಣ್ಣದಿರಲಿ, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ.

ಅರ್ಧ ಸ್ವೆಟರ್ (ಶಿವಮೊಗ್ಗ), ಹತ್ತು ದಿನದ ನಂತರ, ರಾತ್ರಿ 11:30

ಮಗು ಒಂದು ವಾರ ಮೊದಲೇ ಬಂದುಬಿಟ್ಟಿತು. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ.

ಸ್ವೆಟರಿನ ಎರಡು ಅರ್ಧ ತೋಳೂ ಹಳೇ ದಾರದಲ್ಲೇ ಮುಗಿದವು. ಹೊಲಿದ ಮೇಲೆ ಉಳಿದದ್ದು ನನ್ನ ಕಿರುಬೆರಳಿನಷ್ಟು ದಾರ. ನಿಂಬೆಹಣ್ಣಿನ ಉಂಡೆ ಸುಮ್ನೆ ಬಿದ್ದಿತ್ತಲ್ಲ, ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಾಗ ಅದರಲ್ಲಿ ಒಂದು ಕುಲಾವಿ ಹಾಕಿದೆ. ಪಕ್ಕದ ಬೆಡ್ಡಿನ ಅಜ್ಜಿ ಬೇಸರಕ್ಕೆ ನಾಲ್ಕು ಸಾಲು ಹಾಕಿದರು. ಮೆಟ್ರೋ ಅಣ್ಣ ಹೇಳಿದ ಹಾಗೆ ಆ ನಾಲ್ಕು ಸಾಲು ಬಿಗಿ.

ಸ್ವೆಟರ್ ಈಗ ದೊಡ್ಡದಾಗುತ್ತದೆ, ದೀಪಾವಳಿ ಹೊತ್ತಿಗೆ ಸರಿಹೋಗಬಹುದು. ಕುಲಾವಿ ಮಾತ್ರ ಈಗಲೇ ಹಾಕಿದ್ದೇವೆ. ಆಸ್ಪತ್ರೆಯ ಲೈಟಿನಲ್ಲಿ ಎರಡೂ ಒಂದೇ ಬಣ್ಣ ಕಂಡು ಖುಷಿಯಾಗಿದ್ದೆ. ಮನೆಗೆ ಬಂದು ತೊಟ್ಟಿಲ ಹತ್ತಿರ ಜೊತೆಯಾಗಿ ಇಟ್ಟೆ. ಅಮ್ಮ ಏನು ಅಂದರು ಅಂತ ಹೇಳಬೇಕಾಗಿಲ್ಲ ಅಲ್ವಾ.

ನಂಬರ್ ಹತ್ತು (ಮೈಸೂರು), ಮರುದಿನ ಬೆಳಿಗ್ಗೆ 6:45

ಶುಭಾಶಯ! ಗುಂಡಿ ಗಟ್ಟಿಯಾಗಿ ಹೊಲಿದಿದ್ದೀರಾ? ಎಳೆದು ನೋಡಿ, ಮಕ್ಕಳು ಕಿತ್ತು ಬಾಯಿಗೆ ಹಾಕುತ್ತವೆ.

ಅರ್ಧ ಸ್ವೆಟರ್ (ಶಿವಮೊಗ್ಗ), ಮರುದಿನ ಬೆಳಿಗ್ಗೆ 9:20

ಗುಂಡಿ ಇನ್ನೂ ತಂದೇ ಇಲ್ಲ.